ನೀರು ಕುಡಿದ ಹಿಟ್ಟು

ಮೈದಾ ಹದಕ್ಕೆ ಬಂದಿದೆಯೋ ಇಲ್ಲವೋ ಎಂದು ನೋಡಲು ಬೀರೂರಿನ ಬೇಕರಿಯಲ್ಲಿ ನನಗೊಂದು ಪರೀಕ್ಷೆ ಹೇಳಿಕೊಟ್ಟಿದ್ದರು. ನಾದಿದ ಹಿಟ್ಟಿನಿಂದ ನಿಂಬೆಹಣ್ಣಿನಷ್ಟು ಕಿತ್ತುಕೊಂಡು, ಎರಡೂ ಕೈಯ ಬೆರಳುಗಳಿಂದ ನಿಧಾನವಾಗಿ ನಾಲ್ಕೂ ಕಡೆಗೆ ಎಳೆಯಬೇಕು. ಅದು ಹರಿಯದೆ, ಈರುಳ್ಳಿಯ ಪೊರೆಯ ಹಾಗೆ ತೆಳ್ಳಗೆ ಹರಡಿಕೊಳ್ಳಬೇಕು. ಭಟ್ಟಿಯ ಪಕ್ಕದಲ್ಲಿ ನೇತಾಡುತ್ತಿದ್ದ 40 ಕ್ಯಾಂಡಲ್ ಬಲ್ಬಿನ ಎದುರು ಆ ಪೊರೆ ಹಿಡಿದರೆ ಬಲ್ಬಿನೊಳಗಿನ ತಂತಿ ಕಾಣಬೇಕು. ಕಂಡರೆ ಹಿಟ್ಟು ಆಯಿತು. ಅಷ್ಟರೊಳಗೆ ಹರಿದರೆ ಇನ್ನೂ ಕಾಲು ಗಂಟೆ ನಾದಬೇಕು. 1980ರಲ್ಲಿ ಎಸ್ಸೆಸ್ಸೆಲ್ಸಿ ಗಣಿತಕ್ಕೆ ಡುಮ್ಕಿ ಹೊಡೆದು ಹಿರೇನಲ್ಲೂರಿನಿಂದ ಬೀರೂರಿಗೆ ಕೆಲಸಕ್ಕೆ ಹೋದಾಗ ನನಗೆ ಹದಿನಾರು ವರ್ಷ. ಮೂರು ವಾರ ನಾದಿದ ಮೇಲೆ ಒಂದು ಬೆಳಗಿನ ಜಾವ ನನ್ನ ಪೊರೆಯಲ್ಲೂ ತಂತಿ ಕಂಡಿತು. ಗಣಿತದವರು ಕೊಡದ ಪಾಸು ಆ ಬಲ್ಬು ಕೊಟ್ಟಿತು.

ಆ ಪೊರೆಗೆ ಗ್ಲುಟೆನ್ ಎಂಬ ಹೆಸರಿದೆ ಎಂದು ನನಗೆ ತಿಳಿದದ್ದು 28 ವರ್ಷದ ಮೇಲೆ, ನನ್ನ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಬ್ಬ ಡಾಕ್ಟರ ಎದುರು ಕೂತಿದ್ದಾಗ.

ಬೇಕರಿಯ ಯಜಮಾನರು ಹಾಸನದ ಕಡೆಯವರು. ಕರ್ನಾಟಕದಲ್ಲಿ ಬೇಕರಿ ಎಂದರೆ ಹಾಸನದವರು ಎಂಬ ಮಾತಿಗೆ ಕಾರಣವೂ ಇದೆ. 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ತಿರುಮಲಾಚಾರ್ ಅವರು ಬಿ.ಬಿ. ಬೇಕರಿ ಶುರುಮಾಡಿದ ಮೇಲೆ ಹಾಸನ ಜಿಲ್ಲೆಯ ಅಯ್ಯಂಗಾರರು ಊರೂರಿಗೆ ಹೋಗಿ ಭಟ್ಟಿ ಹಚ್ಚಿದರು. ಬೀರೂರು ಜಂಕ್ಷನ್ ಊರು. ಶಿವಮೊಗ್ಗದ ರೈಲು ಅಲ್ಲಿಂದ ಕವಲೊಡೆಯುತ್ತದೆ. ರೈಲಿಗೆ ಕಾಯುವವರು ಇರುವವರೆಗೆ ಬನ್ನಿಗೆ ಗಿರಾಕಿ ತಪ್ಪುತ್ತಿರಲಿಲ್ಲ. ಹನ್ನೆರಡು ವರ್ಷ ಅಲ್ಲಿ ದುಡಿದು, 1992ರಲ್ಲಿ ನಮ್ಮೂರಿನ ಬಸ್ ನಿಲ್ಲುವ ಜಾಗದ ಹತ್ತಿರ ನನ್ನದೇ ಒಂದು ಸಣ್ಣ ಬೇಕರಿ ತೆರೆದೆ. ಬ್ರೆಡ್ಡು, ಬನ್ನು, ಖಾರ ಬನ್ನು, ರಸ್ಕು, ಬೆಣ್ಣೆ ಬಿಸ್ಕತ್ತು, ಹಬ್ಬ ಇದ್ದರೆ ದಿಲ್‌ಪಸಂದ್. ಮಲ್ಲಿಕಾರ್ಜುನ ದೇವಸ್ಥಾನ ನೋಡಲು ಬಂದವರೂ ವಾಪಸ್ ಹೋಗುವಾಗ ಒಂದು ಬನ್ನು, ಒಂದು ಟೀ ಎನ್ನುತ್ತಿದ್ದರು. ಹೊಯ್ಸಳರ ಕಾಲದ ಗುಡಿಗೂ ನನ್ನ ಬನ್ನಿಗೂ ಅಷ್ಟೊಂದು ಸಂಬಂಧ.

ನಮ್ಮ ಕಡೆ ಬ್ರೆಡ್ಡು ಎಂದರೆ ಊಟವಲ್ಲ, ಪಥ್ಯ. ಊಟ ಎಂದರೆ ರಾಗಿ ಮುದ್ದೆ. ಬಾಬಾಬುಡನ್ ಗಿರಿಯ ಆಚೆ ಸುರಿಯುವ ಮಳೆ ಕಡೂರಿನ ಬಯಲಿಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತದೆ. ಆ ಅರೆಬರೆ ಮಳೆಗೂ ಬೆಳೆ ಕೊಡುವುದು ರಾಗಿ. ಆದರೆ ಮನೆಯಲ್ಲಿ ಯಾರಿಗಾದರೂ ಜ್ವರ ಬರಲಿ, ಬಾಣಂತಿಯನ್ನು ನೋಡಲು ಹೋಗಲಿ, ಆಸ್ಪತ್ರೆಯಲ್ಲಿ ಯಾರಾದರೂ ಮಲಗಿರಲಿ, ಕೈಯಲ್ಲಿ ಒಂದು ಪೌಂಡು ಬ್ರೆಡ್ಡು ಇರಲೇಬೇಕು. ಬ್ರೆಡ್ಡು ಹಗುರ, ಹೊಟ್ಟೆಗೆ ಒಳ್ಳೆಯದು ಎಂದು ಎಲ್ಲರೂ ನಂಬಿದ್ದರು. ಬ್ರೆಡ್ಡು ಮಾಡುವ ನಾನು ನಂಬದಿರುತ್ತೇನೆಯೆ?

2002ರಲ್ಲಿ ಮಗಳು ಹುಟ್ಟಿದಳು. ಎರಡು ತುಂಬುವವರೆಗೆ ಗುಂಡಗೆ ಇದ್ದವಳು ಮೂರಕ್ಕೆ ಬರುವಷ್ಟರಲ್ಲಿ ಬತ್ತತೊಡಗಿದಳು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗಡಿಗೆ. ದಿನಕ್ಕೆ ನಾಲ್ಕೈದು ಸಲ ಭೇದಿ. ಜಂತುಹುಳು ಎಂದರು, ಮಾತ್ರೆ ನುಂಗಿಸಿದೆವು. ರಕ್ತ ಕಡಿಮೆ ಎಂದರು, ಕಬ್ಬಿಣದ ಟಾನಿಕ್ ಬಾಟಲಿಗಟ್ಟಲೆ ಕುಡಿಸಿದೆವು. ರಕ್ತ ಏರಲಿಲ್ಲ. ಟೀಬಿ ಇರಬಹುದೆಂದು ಎದೆಯ ಫೋಟೋ ತೆಗೆಸಿದೆವು. ಅವ್ವ ಮೂರು ದಾರಿ ಕೂಡುವಲ್ಲಿ ದೃಷ್ಟಿ ತೆಗೆದಳು, ತೋಳಿಗೆ ತಾಯತ ಕಟ್ಟಿಸಿದಳು. ಯಾರೋ ತಿಳಿದವರು, "ಇಷ್ಟು ಸಣ್ಣ ಮಗೀಗೆ ಮುದ್ದೆ ಭಾರ ಕಣಪ್ಪ, ಅರಗಲ್ಲ. ಹಗುರದ್ದೇನಾದ್ರೂ ಕೊಡು" ಎಂದರು. ಅವಳಿಗೆ ಮುದ್ದೆ ನಿಲ್ಲಿಸಿದೆವು. ಅದರ ಬದಲು ಬೆಳಿಗ್ಗೆ ಹಾಲಿಗೆ ಮಾಲ್ಟ್ ಪುಡಿ, ಮಧ್ಯಾಹ್ನ ರವೆ ಗಂಜಿ. ರಾತ್ರಿ ನಾನು ಅಂಗಡಿ ಮುಚ್ಚಿ ತಂದ ರಸ್ಕನ್ನು ಹಾಲಲ್ಲಿ ನೆನೆಸಿ, ನನ್ನ ಕೈಯಿಂದಲೇ ತಿನ್ನಿಸುತ್ತಿದ್ದೆ. ಮೈಗೆ ಹತ್ತಲಿ ಎಂದು ಮೇಲೊಂದು ಚಮಚ ತುಪ್ಪ.

ಈಗ ಲೆಕ್ಕ ಹಾಕಿದರೆ ಆ ಮೂರು ಹೊತ್ತೂ ಗೋಧಿ. ಮಾಲ್ಟ್ ಪುಡಿಯಲ್ಲಿ ಅದರ ಜೊತೆಗೆ ಜವೆಗೋಧಿ ಬೇರೆ. ಅವಳ ಹೊಟ್ಟೆಗೆ ಆಗಿಬರುತ್ತಿದ್ದ ಒಂದೇ ಒಂದು ಊಟವನ್ನು ನಾವೇ ತಟ್ಟೆಯಿಂದ ತೆಗೆದಿದ್ದೆವು.

2008ರಲ್ಲಿ ನಮ್ಮ ಭಾವಮೈದ ಹಟ ಹಿಡಿದು ಬೆಂಗಳೂರಿಗೆ ಕರೆದುಕೊಂಡು ಹೋದ. ಅಲ್ಲಿಯ ಮಕ್ಕಳ ಡಾಕ್ಟರು ಮಗುವಿನ ಹೊಟ್ಟೆ ಮುಟ್ಟಿ, ಕಣ್ಣಿನ ರೆಪ್ಪೆ ಬಿಡಿಸಿ ನೋಡಿ, ಏನೇನು ತಿನ್ನುತ್ತಾಳೆ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು. ಕೊನೆಗೆ, "ನೀವೇನು ಕೆಲಸ ಮಾಡ್ತೀರಿ?" ಎಂದರು. "ಬೇಕರಿ ಇದೆ ಸಾರ್" ಎಂದೆ. ಅವರು ಪೆನ್ನು ಕೆಳಗಿಟ್ಟು ಒಂದು ಗಳಿಗೆ ನನ್ನ ಮುಖ ನೋಡಿದರು. ಏನೂ ಹೇಳಲಿಲ್ಲ. ಒಂದು ರಕ್ತ ಪರೀಕ್ಷೆ, ಆಮೇಲೆ ಬಾಯಿಂದ ಕೊಳವೆ ಬಿಟ್ಟು ಸಣ್ಣ ಕರುಳಿನ ಚೂರು ತೆಗೆದು ಇನ್ನೊಂದು ಪರೀಕ್ಷೆ. ಕಾಯಿಲೆಯ ಹೆಸರು ಸೀಲಿಯಾಕ್.

ಕರುಳಿನ ಒಳಮೈ ಹೊಸ ಕಂಬಳಿಯ ಹಾಗೆ ಜುಂಗುಜುಂಗಾಗಿ ಇರುತ್ತದಂತೆ. ತಿಂದ ಅನ್ನದ ಸಾರವನ್ನು ಹೀರುವುದು ಆ ಜುಂಗು. ಈ ಕಾಯಿಲೆ ಇದ್ದವರು ಗೋಧಿ ತಿಂದರೆ ದೇಹ ತನ್ನ ಕರುಳಿನ ಮೇಲೆ ತಾನೇ ತಿರುಗಿಬೀಳುತ್ತದೆ. ಜುಂಗು ಸವೆದು ಕಂಬಳಿ ಗೋಣಿತಾಟಾಗುತ್ತದೆ. ಆಮೇಲೆ ಎಷ್ಟು ಟಾನಿಕ್ ಕುಡಿಸಿದರೂ ಹೀರುವವರಿಲ್ಲ. ಔಷಧಿ ಇಲ್ಲ. ಗೋಧಿ ಮತ್ತು ಜವೆಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟನ್ನು ಬದುಕಿರುವವರೆಗೆ ಬಿಡಬೇಕು, ಅಷ್ಟೇ. "ಮೈದಾ ನಾದಿದಾಗ ಎಳೆದರೆ ಎಳೆಯುತ್ತಲ್ಲ, ಅದೇ" ಎಂದರು. ನನಗೆ ಬೀರೂರಿನ ಬಲ್ಬು ಕಣ್ಣ ಮುಂದೆ ಬಂತು.

ನಾನು ಮಾತಿಲ್ಲದೆ ಕೂತಿದ್ದಕ್ಕೋ ಏನೋ, ಅವರು ಒಂದು ಕಥೆ ಹೇಳಿದರು. ಹಾಲೆಂಡಿನಲ್ಲಿ ಡಿಕ್ಕೆ ಎಂಬ ಮಕ್ಕಳ ಡಾಕ್ಟರಿಗೆ ಗೋಧಿಯ ಮೇಲೆ ಮೊದಲಿನಿಂದಲೂ ಅನುಮಾನವಿತ್ತು. 1944-45ರ ಚಳಿಗಾಲದಲ್ಲಿ, ಯುದ್ಧದಿಂದಾಗಿ ಆ ದೇಶದಲ್ಲಿ ಘೋರ ಕ್ಷಾಮ. ಜನ ಟುಲಿಪ್ ಹೂವಿನ ಗೆಡ್ಡೆ ಬೇಯಿಸಿ ತಿನ್ನುವಂಥ ದಿನಗಳು. ಊರೆಲ್ಲ ಸೊರಗುತ್ತಿದ್ದಾಗ ಈ ಕಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡವು. ಯುದ್ಧ ಮುಗಿದು ಬ್ರೆಡ್ಡು ಬಂತು, ಕಾಯಿಲೆಯೂ ಬಂತು. 1950ರಲ್ಲಿ ಆತ ಅದನ್ನು ಪ್ರಬಂಧವಾಗಿ ಬರೆದ. "ಅಲ್ಲಿಯತನಕ ಅಪ್ಪ ಅಮ್ಮಂದಿರು ನಿಮ್ಮ ಹಾಗೇ ಪ್ರೀತಿಯಿಂದ ಬ್ರೆಡ್ಡು ತಿನ್ನಿಸ್ತಿದ್ರು" ಎಂದರು ಡಾಕ್ಟರು. ಸಮಾಧಾನಕ್ಕೆ ಹೇಳಿದ ಮಾತು. ಸಮಾಧಾನವಾಗಲಿಲ್ಲ.

ನಮ್ಮ ಕಡೆಯ ವೈದ್ಯರನ್ನೂ ಬೈಯುವಂತಿಲ್ಲ. 2016ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದ ಪ್ರಕಾರ ಉತ್ತರ ಭಾರತದಲ್ಲಿ ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು ಮಂದಿಗೆ ಈ ಕಾಯಿಲೆ ಇದ್ದರೆ, ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರು. ಇಲ್ಲಿ ಗೋಧಿ ತಿನ್ನುವುದೂ ಕಡಿಮೆ, ಕಾಯಿಲೆಯೂ ಅಪರೂಪ. ಮುದ್ದೆ ಉಣ್ಣುವ ಊರಲ್ಲಿ, ಸಾವಿರಕ್ಕೆ ಒಂದು ಮಗು ಹೋಗಿ ಬೇಕರಿಯವನ ಮನೆಯಲ್ಲೇ ಹುಟ್ಟಿತ್ತು.

ಊರಿಗೆ ಬಂದು ಅವ್ವನಿಗೆ ಹೇಳಿದೆ. ಗೋಧಿ ಬೇಡ, ಮೈದಾ ಬೇಡ, ರವೆ, ಶಾವಿಗೆ ಬೇಡ; ರಾಗಿ, ಅಕ್ಕಿ, ಜೋಳ, ನವಣೆ, ಸಾಮೆ ಆಗಬಹುದು. ಅವಳು ಏನೂ ಮಾತಾಡದೆ ಎದ್ದು ಹೋಗಿ ಒಲೆಯ ಮೇಲೆ ಮುದ್ದೆಗೆ ಎಸರಿಟ್ಟಳು.

ರಾಗಿ ಮನೆಯದ್ದೇ. ಹಿಟ್ಟು ಮಾತ್ರ ಊರ ಗಿರಣಿಯದ್ದು. ಆ ಗಿರಣಿಯಲ್ಲಿ ನಮಗಿಂತ ಮುಂಚೆ ಬೀಸಿಸಿದವರದ್ದು ಗೋಧಿ ಇದ್ದರೆ ನಮ್ಮ ರಾಗಿಯ ಜೊತೆ ಒಂದು ಹಿಡಿ ಗೋಧಿಹಿಟ್ಟೂ ಬರುತ್ತದೆ. ಮಗುವಿನ ಹೊಟ್ಟೆ ಕೆಡಲು ಒಂದು ಚಿಟಿಕೆ ಸಾಕು. ಹಿತ್ತಿಲಲ್ಲಿ ತುಳಸಿಕಟ್ಟೆಗೆ ಒರಗಿ ಬಿದ್ದಿದ್ದ ರಾಗಿಕಲ್ಲನ್ನು ಅವ್ವ ತೊಳೆಸಿ, ಗೂಟ ಬಡಿಸಿ ಒಳಗೆ ತರಿಸಿದಳು. ಎಪ್ಪತ್ತು ದಾಟಿದವಳು ಒಂದು ಕಡೆ, ನನ್ನ ಹೆಂಡತಿ ಇನ್ನೊಂದು ಕಡೆ ಕೂತು ಬೀಸಿದರು. ಮನೆಗೊಂದು ಸಣ್ಣ ಕರೆಂಟಿನ ಗಿರಣಿ ತರುವವರೆಗೆ, ಸುಮಾರು ಎರಡು ವರ್ಷ, ಮಗಳು ತಿಂದದ್ದೆಲ್ಲ ಆ ಕಲ್ಲಿನ ಹಿಟ್ಟು. ಇನ್ನೊಬ್ಬ ಕಳ್ಳ ಸಿಕ್ಕಿದ್ದು ಇಂಗಿನ ಡಬ್ಬಿಯಲ್ಲಿ. ಅಂಗಡಿಯ ಇಂಗು ಬರೀ ಇಂಗಲ್ಲ, ಅದಕ್ಕೆ ಹಿಟ್ಟು ಬೆರೆಸಿರುತ್ತಾರೆ, ಎಷ್ಟೋ ಸಲ ಅದು ಗೋಧಿಯದ್ದು. ದಿನಾ ಸಾರಿಗೆ ಒಂದು ಚಿಟಿಕೆ ಉದುರಿಸುತ್ತಿದ್ದೆವಲ್ಲ! ಹೆಂಡತಿ ಭೂತಗನ್ನಡಿ ಹಿಡಿದು ಡಬ್ಬಿಯ ಸಣ್ಣ ಅಕ್ಷರ ಓದುವುದನ್ನು ಆಗ ಕಲಿತಳು. ಈಗಲೂ ಬಿಟ್ಟಿಲ್ಲ.

ಮೂರನೆಯ ಕಳ್ಳ ನಾನು. ಬೇಕರಿ ಮುಚ್ಚೋಣ ಎಂದು ಒಂದು ರಾತ್ರಿ ಹೆಂಡತಿಗೆ ಹೇಳಿದೆ. "ಮುಚ್ಚಿ ಏನ್ಮಾಡ್ತೀರಿ? ಆಸ್ಪತ್ರೆ ಖರ್ಚಿಗೆ ದುಡ್ಡು ಬಂದಿದ್ದು ಎಲ್ಲಿಂದ?" ಎಂದಳು. ಮಗಳನ್ನು ಸೊರಗಿಸಿದ ಮೈದಾವೇ ಮಗಳನ್ನು ಸಾಕಬೇಕಿತ್ತು. ಆದರೆ ಬೇಕರಿಯವನ ಮೈಯಿಂದ ಮೈದಾ ಸುಲಭಕ್ಕೆ ಹೋಗುವುದಿಲ್ಲ. ಹುಬ್ಬಿನಲ್ಲಿ, ಕಿವಿಯ ಸುರುಳಿಯಲ್ಲಿ, ಉಗುರಿನ ಸಂದಿಯಲ್ಲಿ ಅದು ಇದ್ದೇ ಇರುತ್ತದೆ. ಅಂಗಡಿಯ ಬಟ್ಟೆ ಅಂಗಡಿಯಲ್ಲೇ ಬಿಟ್ಟು, ಹಿತ್ತಿಲ ಬಾಗಿಲಿಂದ ಬಂದು, ಬಚ್ಚಲಲ್ಲಿ ತಲೆಗೆ ನೀರು ಹೊಯ್ದುಕೊಂಡ ಮೇಲೆಯೇ ನಡುಮನೆಗೆ ಕಾಲಿಡುವುದೆಂದು ಮಾಡಿಕೊಂಡೆ. ಮೊದಲು ನನ್ನ ಚಪ್ಪಲಿ ಸದ್ದಿಗೆ ಓಡಿಬಂದು ಕಾಲು ತಬ್ಬುತ್ತಿದ್ದ ಮಗು, ಈಗ ನಡುಮನೆಯ ಹೊಸಿಲ ಆಚೆ ನಿಂತು ಕೇಳುತ್ತಿತ್ತು: "ಅಪ್ಪ, ಸ್ನಾನ ಆಯ್ತಾ?"

ಆರು ತಿಂಗಳಲ್ಲಿ ಮಗುವಿನ ಕೆನ್ನೆ ತುಂಬಿತು. ಶಾಲೆಗೆ ಸೇರಿಸಿದೆವು. ಬಿಸಿಯೂಟದಲ್ಲಿ ಅನ್ನ, ಸಾರು, ತೊಂದರೆ ಇಲ್ಲ. ಮದುವೆ ಮನೆಗೆ ಅವಳ ಡಬ್ಬಿ ಅವಳ ಜೊತೆ ಬರುತ್ತಿತ್ತು. ಹೋಳಿಗೆಯ ದಿನ ಅವಳಿಗೆ ಅಕ್ಕಿಹಿಟ್ಟಿನ ಕಾಯಿಕಡುಬು. ಹಟ ಮಾಡುವ ಮಗುವಲ್ಲ. ಒಂದು ಸಂಜೆ ಅವಳ ಅಮ್ಮನ ಜೊತೆ ಅಂಗಡಿಯ ಹೊರಗೆ ನಿಂತಿದ್ದಳು. ಒಳಗೆ ಬರಕೂಡದೆಂದು ಅವಳಿಗೆ ಗೊತ್ತಿತ್ತು. ಆಗಷ್ಟೇ ಭಟ್ಟಿಯಿಂದ ಬನ್ನಿನ ಟ್ರೇ ಎಳೆದಿದ್ದೆ. ಬಿಸಿ ಬನ್ನಿನ ಘಮ ರಸ್ತೆಯ ಆಚೆಗೂ ಹೋಗುವಂಥದ್ದು. ಅವಳು ಕಣ್ಣು ಮುಚ್ಚಿಕೊಂಡು ಮೂಗರಳಿಸಿ ನಿಂತು, "ಅಪ್ಪ, ಮೂಸಿದ್ರೆ ಏನಾಗಲ್ಲ ಅಲ್ವಾ?" ಎಂದಳು.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. 28 ವರ್ಷ ಊರಿಗೆಲ್ಲ ಬನ್ನು ಮಾಡಿ ಹಾಕಿದವನು ಮಗಳಿಗೆ ಒಂದು ಬನ್ನು ಮಾಡಿಕೊಡಲಾರೆನೆ?

ಆಗಲಿಲ್ಲ. ಅಂಗಡಿಯ ಭಟ್ಟಿ ಬಳಸುವಂತಿಲ್ಲವಾದ್ದರಿಂದ ಶಿವಮೊಗ್ಗದಿಂದ ಒಂದು ಸಣ್ಣ ಕರೆಂಟಿನ ಓವನ್ ತಂದೆ. ಅಕ್ಕಿಹಿಟ್ಟಿಗೆ ಯೀಸ್ಟು, ಸಕ್ಕರೆ, ಉಪ್ಪು, ನೀರು ಹಾಕಿ ಮೈದಾ ನಾದಿದ ಹಾಗೇ ನಾದಿದೆ. ಎತ್ತಿ ಬಡಿದೆ, ಮಡಿಚಿದೆ, ಅಂಗೈಯ ಬುಡದಿಂದ ಒತ್ತಿದೆ. ಮೈದಾ ಆದರೆ ಬಡಿದಷ್ಟೂ ಬಿಗಿಯಾಗುತ್ತದೆ, ಬಿಗಿಯಾದಷ್ಟೂ ಹೊಳೆಯುತ್ತದೆ. ಅಕ್ಕಿಹಿಟ್ಟು ಒದ್ದೆ ಮರಳಿನ ಹಾಗೆ ಬಡಿದಲ್ಲೆಲ್ಲ ಬಿರಿಯಿತು. ಯೀಸ್ಟು ತನ್ನ ಕೆಲಸ ಮಾಡುತ್ತಲೇ ಇತ್ತು. ಗಾಳಿ ಹುಟ್ಟುತ್ತಿತ್ತು, ಹುಟ್ಟಿದ ಗಾಳಿಯನ್ನು ಹಿಡಿದಿಡುವ ಚೀಲ ಇರಲಿಲ್ಲ. ಗೋಧಿಯೊಳಗಿನ ಎರಡು ಬಗೆಯ ಪ್ರೋಟೀನು ನೀರು ಕಂಡೊಡನೆ ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುತ್ತವೆ. ಅಕ್ಕಿಗೆ, ರಾಗಿಗೆ ಆ ಗುಣವೇ ಇಲ್ಲ. ಹೊರಗೆ ಬಿರುಕುಬಿಟ್ಟ ಕೆರೆಯಂಗಳ, ಒಳಗೆ ಹಸಿ. ಚಾಕು ಹಾಕಿದರೆ ಚಾಕಿಗೇ ಅಂಟು. ಅವ್ವ ಒಂದು ಚೂರು ಬಾಯಿಗೆ ಹಾಕಿಕೊಂಡು, "ಇದು ಬನ್ನೂ ಅಲ್ಲ, ಕಡುಬೂ ಅಲ್ಲ" ಎಂದಳು. ಮೊಟ್ಟೆ ಹಾಕಿದ್ದರೆ ಸ್ವಲ್ಪ ಸುಲಭವಾಗುತ್ತಿತ್ತು. ನಮ್ಮ ಮನೆಯಲ್ಲಿ ಮೊಟ್ಟೆ ತರುವುದಿಲ್ಲ. ಬೆಂಡೆಕಾಯಿಯ ಲೋಳೆ ಹಾಕಿ ನೋಡಿದೆ, ಬನ್ನಿಗೆ ಹುಳಿಯ ವಾಸನೆ ಬಂತು. ಅಗಸೆಬೀಜ ನೆನೆಸಿ ರುಬ್ಬಿ ಹಾಕಿದೆ, ಸ್ವಲ್ಪ ವಾಸಿ ಎನಿಸಿತು, ಆದರೂ ಮರುದಿನ ಇಟ್ಟಿಗೆ. ಎರಡು ವರ್ಷದಲ್ಲಿ ಎಷ್ಟು ಸಲ ಮಾಡಿದೆನೋ ಲೆಕ್ಕವಿಲ್ಲ.

ಒಂದು ಭಾನುವಾರ ಹಾಗೇ ಅಡುಗೆಮನೆಯಲ್ಲಿ ಅಕ್ಕಿಹಿಟ್ಟನ್ನು ಬಡಿಯುತ್ತಿದ್ದೆ. ಅವ್ವ ಪಕ್ಕದ ಒಲೆಯಲ್ಲಿ ರೊಟ್ಟಿಗೆ ಹಿಟ್ಟು ಬೇಯಿಸುತ್ತಿದ್ದಳು. ಕುದಿಯುವ ನೀರಿಗೆ ಉಪ್ಪು ಹಾಕಿ, ಅಕ್ಕಿಹಿಟ್ಟನ್ನು ಗುಡ್ಡೆಯಾಗಿ ಸುರಿದು, ಕೋಲಿನಿಂದ ನಡುವೆ ಒಂದು ತೂತು ಮಾಡಿ, ಮುಚ್ಚಿಟ್ಟು, ಉರಿ ಸಣ್ಣ ಮಾಡಿ ಕೂತಳು. ನನ್ನ ಬಡಿತ ನೋಡಿ ನೋಡಿ ಬೇಸರ ಬಂದಿರಬೇಕು.

"ಲೇ, ಅದುನ್ನ ಯಾಕೆ ಹಂಗೆ ಹೊಡೀತೀಯ? ಹೊಡದ್ರೆ ಹಿಟ್ಟು ಮೆತ್ತಗಾಗುತ್ತಾ? ಮೊದ್ಲು ಅದುಕ್ಕೆ ಹೊಟ್ಟೆ ತುಂಬ ಬಿಸ್ನೀರ್ ಕುಡ್ಸು. ಆಮೇಲೆ ನೀನ್ ಹೇಳ್ದಂಗೆ ಕೇಳುತ್ತೆ."

ಮುಚ್ಚಳ ತೆಗೆದು, ಕೋಲಿನಿಂದ ತಿರುವಿ, ಬಿಸಿ ಹಿಟ್ಟನ್ನು ಪರಾತಕ್ಕೆ ಬೋರಲು ಹಾಕಿದಳು. ಕೈಗೆ ನೀರು ಮುಟ್ಟಿಸಿಕೊಂಡು ನಾಲ್ಕು ಸಲ ತೀಡಿದ್ದಷ್ಟೆ, ಅದೇ ಅಕ್ಕಿಹಿಟ್ಟು ಬೆಣ್ಣೆಯ ಮುದ್ದೆಯಾಗಿತ್ತು. ಅವಳು ತಟ್ಟುತ್ತಾ ಹೋದ ಹಾಗೆ ಅಂಚು ಒಡೆಯದೆ ರೊಟ್ಟಿ ಹರಡುತ್ತಾ ಹೋಯಿತು. ಹುಟ್ಟಿದಾಗಿನಿಂದ ನೋಡಿದ್ದೆ. ಅವತ್ತೇ ಕಂಡದ್ದು. ಮೈದಾ ಗೆಲ್ಲುವುದು ಎಳೆತದಿಂದ. ಅಕ್ಕಿ, ರಾಗಿಗೆ ಎಳೆತವಿಲ್ಲ, ಅವಕ್ಕೆ ಇರುವುದು ನೀರು ಹಿಡಿಯುವ ಶಕ್ತಿ. ಬಿಸಿಗೆ ಪಿಷ್ಟ ಬಿರಿದು, ತನ್ನ ತೂಕಕ್ಕೆ ಎರಡು ಮೂರರಷ್ಟು ನೀರು ಹೀರಿ, ಗಂಜಿಯಾಗಿ ಹಿಡಿದುಕೊಳ್ಳುತ್ತದೆ. ಮುದ್ದೆ ಮೆತ್ತಗಿರುವುದು ಅದರಿಂದ, ಕಡುಬು ಮೆತ್ತಗಿರುವುದೂ ಅದರಿಂದ. ಅವ್ವನಿಗೆ ಅದು ಕೈಗೆ ಬಂದ ಸಂಗತಿ. ನನ್ನ ಕೈ ಬೀರೂರಿಗೆ ಹೋದಾಗ ಅದನ್ನು ಹಿರೇನಲ್ಲೂರಿನಲ್ಲೇ ಬಿಟ್ಟು ಹೋಗಿತ್ತು.

ಅವತ್ತಿನಿಂದ ಹಿಟ್ಟಿನ ಒಂದು ಪಾಲನ್ನು ಮೊದಲೇ ಗಂಜಿ ಕಾಯಿಸಿ ಹಾಕತೊಡಗಿದೆ. ಬನ್ನು ಮೆತ್ತಗಾಯಿತು. ಆದರೆ ಮೇಲೇಳಲಿಲ್ಲ. ಗಾಳಿ ಹಿಡಿಯುವ ಚೀಲ ಇನ್ನೂ ಸಿಕ್ಕಿರಲಿಲ್ಲ.

ಅದು ಸಿಕ್ಕಿದ್ದು ನಮ್ಮ ಮಾವನವರ ಲೋಟದಲ್ಲಿ. ಮಗಳ ಮನೆಗೆಂದು ಬಂದು ನಾಲ್ಕು ದಿನ ಇದ್ದ ಅವರು ರಾತ್ರಿ ಮಲಗುವ ಮುಂಚೆ ಹೊಟ್ಟೆ ಸಲೀಸಾಗಲೆಂದು ಇಸಬ್‌ಗೋಲ್ ಕುಡಿಯುವವರು. ಒಂದು ರಾತ್ರಿ ನೀರಲ್ಲಿ ಕಲಸಿಟ್ಟು, ಕುಡಿಯುವುದನ್ನು ಮರೆತು ಮಲಗಿಬಿಟ್ಟಿದ್ದರು. ಬೆಳಿಗ್ಗೆ ಲೋಟ ತೊಳೆಯಲು ಬೋರಲು ಹಾಕಿದರೆ ಏನೂ ಬೀಳಲಿಲ್ಲ. ಬೆರಳು ಹಾಕಿ ಎತ್ತಿದೆ. ಲೋಟದ ಆಕಾರದಲ್ಲೇ ಹೊರಗೆ ಬಂತು, ಎಳನೀರಿನ ಗಂಜಿಯ ಹಾಗೆ ನಡುಗುತ್ತಾ. ಎರಡು ಬೆರಳಲ್ಲಿ ಹಿಡಿದು ಎಳೆದೆ. ಎಳೆಯಿತು! ಬಲ್ಬಿನ ತಂತಿ ಕಾಣುವಷ್ಟು ಅಲ್ಲ, ಆದರೂ ಎಳೆಯಿತು. ಔಷಧಿ ಅಂಗಡಿಗೆ ಹೋಗಿ ಮೂರು ಪೊಟ್ಟಣ ಕೇಳಿದೆ. ಅಂಗಡಿಯವರು ಮರುಕದಿಂದ, "ಬಹಳ ದಿನದಿಂದ ಹಿಂಗಾ ಅಣ್ಣ?" ಎಂದರು. "ಎರಡು ವರ್ಷದಿಂದ" ಎಂದೆ. ಸುಳ್ಳಲ್ಲ.

ಗುಜರಾತಿನ ಹೊಲಗಳಲ್ಲಿ ಬೆಳೆಯುವ ಒಂದು ಸಣ್ಣ ಬೀಜದ ಸಿಪ್ಪೆ ಅದು. ಆ ಸಿಪ್ಪೆಯ ಲೋಳೆ, ಗ್ಲುಟೆನ್ನಿನ ಜಾಗದಲ್ಲಿ ನಿಂತು ಗಾಳಿಯನ್ನು ಒಳಗೇ ಹಿಡಿಯಿತು. ಈಗ ಹದಿನೈದು ವರ್ಷದಿಂದ ನಮ್ಮ ಮನೆಯ ಲೆಕ್ಕ ಹೀಗಿದೆ. ಅಕ್ಕಿಹಿಟ್ಟು 150 ಗ್ರಾಂ, ಮರಗೆಣಸಿನ ಪಿಷ್ಟ 100 ಗ್ರಾಂ, ರಾಗಿಹಿಟ್ಟು 50 ಗ್ರಾಂ. ಅಕ್ಕಿಹಿಟ್ಟಿನಲ್ಲಿ 50 ಗ್ರಾಂ ತೆಗೆದು 150 ಎಂಎಲ್ ನೀರಿನಲ್ಲಿ ಗಂಟಿಲ್ಲದ ಹಾಗೆ ಕಲಸಿ, ಕೈಯಾಡಿಸುತ್ತಾ ಕಾಯಿಸಿದರೆ ದಪ್ಪ ಗಂಜಿ. ಅದು ಆರಬೇಕು, ಬಿಸಿ ಇದ್ದರೆ ಯೀಸ್ಟು ಸಾಯುತ್ತದೆ. ಇನ್ನೊಂದು ಬೋಗುಣಿಯಲ್ಲಿ 180 ಎಂಎಲ್ ಉಗುರುಬೆಚ್ಚಗಿನ ತೆಂಗಿನಕಾಯಿ ಹಾಲು. ಕಡೂರಿನವರಿಗೆ ತೆಂಗಿನಕಾಯಿಗೆ ಬರವಿಲ್ಲ. ಮಳೆ ಕೈಕೊಟ್ಟು ಸುಳಿ ಒಣಗಿದ ವರ್ಷಗಳಲ್ಲಿ ಮಾತ್ರ ಹಸುವಿನ ಹಾಲು ಹಾಕಿದ್ದುಂಟು. ಆ ಹಾಲಿಗೆ ಒಂದೂವರೆ ಚಮಚ ಸಕ್ಕರೆ, ಎರಡು ಸಣ್ಣ ಚಮಚ ಒಣ ಯೀಸ್ಟು. ನೊರೆ ಬಂದ ಮೇಲೆ 20 ಗ್ರಾಂ ಇಸಬ್‌ಗೋಲ್ ಉದುರಿಸಿ ಕೂಡಲೇ ಕಲಕಿ ಐದು ನಿಮಿಷ ಬಿಡಬೇಕು, ಇಲ್ಲದಿದ್ದರೆ ಗಂಟು. ಆಮೇಲೆ ಗಂಜಿ, ಉಳಿದ ಹಿಟ್ಟು, ಒಂದು ಸಣ್ಣ ಚಮಚ ಉಪ್ಪು, ಎರಡು ಚಮಚ ಬೆಣ್ಣೆ ಸೇರಿಸಿ ಕೈಯಲ್ಲಿ ಒಂದಾಗುವವರೆಗೆ ಹಿಸುಕಬೇಕು. ಒಂದಾದ ಮೇಲೆ ಹಿಸುಕುವುದು ದಂಡ. ಹಿಟ್ಟು ಅಂಟಂಟಾಗಿಯೇ ಇರುತ್ತದೆ. ಹೆದರಿ ಮೇಲೆ ಒಣಹಿಟ್ಟು ಉದುರಿಸಿದರೆ ಬನ್ನು ಕೆಟ್ಟಿತು.

ಕೈಗೆ ಎಣ್ಣೆ ಸವರಿಕೊಂಡು ಒಂಬತ್ತು ಉಂಡೆ ಮಾಡಿ, ಚೌಕದ ತಟ್ಟೆಯಲ್ಲಿ ಮೂರು ಮೂರರ ಸಾಲು ಒಂದಕ್ಕೊಂದು ತಾಗುವ ಹಾಗೆ ಕೂರಿಸುತ್ತೇನೆ. ಮೈದಾ ಬನ್ನು ಒಂಟಿಯಾಗಿ ನಿಂತು ಉಬ್ಬಬಲ್ಲದು. ಈ ಬನ್ನಿಗೆ ಅಷ್ಟು ಬೆನ್ನುಮೂಳೆ ಇಲ್ಲ. ದೂರ ದೂರ ಇಟ್ಟರೆ ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ. ಒತ್ತೊತ್ತಾಗಿ ಕೂರಿಸಿದರೆ ಪಕ್ಕದವನ ಹೆಗಲು ಹಿಡಿದು ಮೇಲಕ್ಕೆ ಏಳುತ್ತದೆ. ಒದ್ದೆ ಬಟ್ಟೆ ಮುಚ್ಚಿ ಒಂದು ಗಂಟೆ. ಎರಡನೇ ಸಲ ನಾದಿ ಉಬ್ಬಿಸುವ ಮೈದಾ ಚಾಳಿ ಇಲ್ಲಿ ನಡೆಯದು, ಉಬ್ಬಿದ್ದು ಒಂದೇ ಸಲ. 190 ಡಿಗ್ರಿಯಲ್ಲಿ ಅರ್ಧ ಗಂಟೆ. ಹೊರತೆಗೆದ ಮೇಲೆ ಪೂರ್ತಿ ಆರುವವರೆಗೆ ಕೈಯಿಡುವಂತಿಲ್ಲ. ಬಿಸಿಯಲ್ಲಿ ಬಿಡಿಸಿದರೆ ಒಳಗೆ ಅಂಟು, ಆರಿದರೆ ಹತ್ತಿ. ಇದರಲ್ಲಿ ಅತ್ಯಂತ ಕಷ್ಟದ ಕೆಲಸ ಯಾವುದು ಎಂದು ಕೇಳಿದರೆ, ಅದು ಆರುವವರೆಗೆ ಸುಮ್ಮನೆ ಕೂರುವುದು.

ರಾಮಧಾನ್ಯ ಚರಿತೆಯಲ್ಲಿ ಕನಕದಾಸರು ಅಕ್ಕಿಯನ್ನೂ ರಾಗಿಯನ್ನೂ ಜಗಳಕ್ಕೆ ನಿಲ್ಲಿಸಿ ರಾಮನಿಂದ ರಾಗಿಯನ್ನು ಗೆಲ್ಲಿಸಿದ್ದಾರೆ. ನನ್ನ ಬೋಗುಣಿಯಲ್ಲಿ ಮಾತ್ರ ರಾಗಿ 50 ಗ್ರಾಂ ದಾಟಿದರೆ ಬನ್ನು ಭಾರ. ಬಣ್ಣ, ಘಮ ರಾಗಿಯದ್ದು, ಹಗುರ ಅಕ್ಕಿಯದ್ದು. ಇಬ್ಬರೂ ರಾಜಿಯಾಗಿದ್ದಾರೆ.

ಮೊದಲ ಸಲ ಎಲ್ಲವೂ ಕೂಡಿಬಂದದ್ದು 2010ರ ದೀಪಾವಳಿಯ ಹಿಂದಿನ ದಿನ. ಅದೂ ನೆಟ್ಟಗೆ ಬರಲಿಲ್ಲ. ಉಂಡೆಗಳು ಉಬ್ಬಿ ನಿಂತಿದ್ದಾಗ ಕರೆಂಟು ಹೋಯಿತು. ಕಾದು ಕಾದು ಕುಸಿಯುವುದನ್ನು ನೋಡಲಾರದೆ, ನಾಲ್ಕು ಉಂಡೆಯನ್ನು ಅವ್ವ ಇಡ್ಲಿ ಪಾತ್ರೆಗೆ ಹಾಕಿ ಹಬೆಯಲ್ಲಿ ಬೇಯಿಸಿದಳು. ಅವು ಬಿಳುಚಿಕೊಂಡಿದ್ದರೂ ಮೆತ್ತಗೆ ಬಂದವು. ಅಷ್ಟರಲ್ಲಿ ಕರೆಂಟು ಬಂದು ಉಳಿದ ಐದು ಓವನ್ನಿಗೆ ಹೋದವು. ಆರಿದ ಮೇಲೆ ಒಂದನ್ನು ಮಗಳ ಕೈಗೆ ಕೊಟ್ಟೆ. ಎಂಟು ವರ್ಷದವಳು. ಬಾಯಿಗೆ ಹಾಕಲಿಲ್ಲ. ಮೂಗಿನ ಹತ್ತಿರ ಹಿಡಿದು ಉದ್ದಕ್ಕೆ ಉಸಿರೆಳೆದುಕೊಂಡಳು. ಬನ್ನು ಅಂದರೆ ಮೂಸುವ ವಸ್ತು ಎಂದೇ ಅವಳಿಗೆ ರೂಢಿಯಾಗಿತ್ತು. "ತಿನ್ನು ಪುಟ್ಟಿ, ಇದು ನಿಂದೇ" ಎಂದು ಅವಳ ಅಮ್ಮ ಹೇಳಬೇಕಾಯಿತು. ಅವ್ವ ತನ್ನ ಪಾಲಿನದ್ದನ್ನು ವಸಡಿನಲ್ಲೇ ಅಗಿದು, "ಹಲ್ಲಿಲ್ದೋರ್ಗೂ ಆಗುತ್ತೆ ಬಿಡು. ರೊಟ್ಟಿ ಹಿಟ್ಟೇ ಅಲ್ವಾ" ಎಂದಳು. ನನ್ನ ವಿದ್ಯೆಗೆ ಅವಳು ಬಿಟ್ಟುಕೊಟ್ಟದ್ದು ಅಷ್ಟೇ.

ಆ ಇಡ್ಲಿ ಪಾತ್ರೆ ಆಮೇಲೂ ಕೈಬಿಡಲಿಲ್ಲ. ಅಕ್ಕಿಯ ಬನ್ನು ಮರುದಿನಕ್ಕೆ ಬಿರುಸಾಗುವುದು ಒಣಗಿದ್ದರಿಂದಲ್ಲ. ಬೆಂದು ಬಿರಿದ ಪಿಷ್ಟ ತಣ್ಣಗಾದ ಮೇಲೆ ಮತ್ತೆ ಮುದುಡಿ ಗಟ್ಟಿಯಾಗುವುದರಿಂದ. ತಂಗಳನ್ನ ಅಗುಳಗುಳಾಗಿ ಬಿರುಸಾಗುವುದಿಲ್ಲವೆ, ಹಾಗೆ. ಐದು ನಿಮಿಷ ಹಬೆ ಕೊಟ್ಟರೆ ಪಿಷ್ಟ ಮತ್ತೆ ಸಡಿಲವಾಗಿ, ಬನ್ನು ಬೆಳಗಿನಷ್ಟೇ ಮೆತ್ತಗೆ.

ಅವ್ವ 2014ರಲ್ಲಿ ತೀರಿಕೊಂಡಳು. 2021ರಲ್ಲಿ, ಲಾಕ್‌ಡೌನಿನ ಹೊಡೆತದ ಮೇಲೆ, ಬೇಕರಿಯನ್ನು ಇನ್ನೊಬ್ಬರಿಗೆ ವಹಿಸಿಕೊಟ್ಟೆ. ಈಚೆಗೆ ಸಿರಿಧಾನ್ಯದ ಗಾಳಿ ಬೀಸಿದೆ. 2023 ಸಿರಿಧಾನ್ಯದ ವರ್ಷ ಎಂದು ವಿಶ್ವಸಂಸ್ಥೆಯೇ ಸಾರಿತು. ಊರೂರಿನ ಅಂಗಡಿಯಲ್ಲಿ ರಾಗಿ ಬ್ರೆಡ್ಡು, ರಾಗಿ ಬಿಸ್ಕತ್ತು ಕಾಣುತ್ತವೆ. ನಾನೂ ಮಾಡಿ ಮಾರಿದವನೇ ಆದ್ದರಿಂದ ಹೇಳುತ್ತೇನೆ: ಅವುಗಳಲ್ಲಿ ಹೆಚ್ಚಿನವಕ್ಕೆ ಮೈದಾ ಇಲ್ಲವೆ ಗೋಧಿಯದ್ದೇ ಬೆನ್ನೆಲುಬು, ರಾಗಿ ಮೇಲಿನ ಬಣ್ಣ. ರಾಗಿ ಎಂದು ಬರೆದಿದ್ದರೆ ಗ್ಲುಟೆನ್ ಇಲ್ಲ ಎಂದಲ್ಲ. ಗ್ಲುಟೆನ್ ಇಲ್ಲವೆಂದೇ ಬರೆಯಬೇಕಾದರೆ ಒಂದು ಕಿಲೋದಲ್ಲಿ 20 ಮಿಲಿಗ್ರಾಂ ಮೀರಕೂಡದು ಎಂದು ನಮ್ಮ ದೇಶದ ಆಹಾರ ನಿಯಮವಿದೆ. ಈ ಕಾಯಿಲೆಯ ಮಕ್ಕಳಿರುವವರು ಡಬ್ಬಿಯ ಮುಂದುಗಡೆಯ ಚಿತ್ರ ನೋಡದೆ ಹಿಂದುಗಡೆಯ ಸಣ್ಣ ಅಕ್ಷರ ಓದಬೇಕು. ನನ್ನ ಹೆಂಡತಿಯ ಭೂತಗನ್ನಡಿ ಬೇಕಾದರೆ ಕೊಡುತ್ತೇನೆ.

ಮಗಳು ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಮೊದಲ ವರ್ಷ ಆಫೀಸಿನವರು ದೊಡ್ಡ ಹೋಟೆಲಿನಲ್ಲಿ ಊಟ ಇಟ್ಟುಕೊಂಡಿದ್ದರಂತೆ. ರಾತ್ರಿ ಫೋನು ಮಾಡಿದಳು. "ಅಪ್ಪ, ಊಟಕ್ಕೆ ಮುಂಚೆ ಬುಟ್ಟಿ ತುಂಬ ಪುಟ್ಟಪುಟ್ಟ ಬನ್ನು ತಂದಿಟ್ರು, ಬಟ್ಟೆ ಮುಚ್ಚಿ. ಡಿನ್ನರ್ ರೋಲ್ ಅಂತೆ. ನಾವ್ ಮಾಡೋದು ಅದೇ ಅಲ್ವಾ? ನಿಮ್ದೇ ಚೆನ್ನಾಗಿರುತ್ತೆ ಅಂತ ಅನ್ನಿಸ್ತು." "ತಿಂದ್ಯಾ?" ಎಂದೆ ಗಾಬರಿಯಾಗಿ. "ಇಲ್ಲಪ್ಪ" ಎಂದು ನಕ್ಕಳು, "ಮೂಸಿ ನೋಡ್ದೆ."

ಕಳೆದ ತಿಂಗಳು ಬಂದಿದ್ದಳು. ಬೀರೂರಿನಲ್ಲಿ ರೈಲಿಳಿದು ಬಸ್ಸು ಹಿಡಿದು ಮನೆ ಮುಟ್ಟುವಷ್ಟರಲ್ಲಿ ಸಂಜೆಯಾಗಿತ್ತು. ನಾನು ಮಧ್ಯಾಹ್ನವೇ ಒಂಬತ್ತು ಬನ್ನು ಮಾಡಿ ಆರಲು ಇಟ್ಟು, ಕೈಯೆಲ್ಲ ಅಕ್ಕಿಹಿಟ್ಟು, ರಾಗಿಹಿಟ್ಟು ಮೆತ್ತಿಕೊಂಡು ಬಾಗಿಲಿಗೆ ಬಂದೆ. ಮನೆಗೆ ಮೈದಾ ಕಾಲಿಡದೆ ವರ್ಷಗಳೇ ಆಗಿವೆ. ಅವಳು ಚೀಲ ಕೆಳಗಿಟ್ಟು, ನನ್ನ ಬಿಳಿ ಕೈ ನೋಡಿ, ಹೊಸಿಲಿನ ಆಚೆಯೇ ನಿಂತಳು. ಆರು ವರ್ಷದವಳ ಮುಖ ಮಾಡಿಕೊಂಡು ಕೇಳಿದಳು:

"ಅಪ್ಪ, ಸ್ನಾನ ಆಯ್ತಾ?"

"ಆಗಿಲ್ಲ" ಎಂದೆ. ಹೊಸಿಲು ದಾಟಿ ಬಂದು, ಹಿಟ್ಟಿನ ಕೈಯ ಸಮೇತ ತಬ್ಬಿಕೊಂಡಳು.